ಎಲೆಯ ಪಕ್ಕದ ಎರಡಾಣೆ

ಅಕ್ಕಿಹೆಬ್ಬಾಳು, ರೈಲ್ವೆ ಸ್ಟೇಷನ್ನಿನ ಬೆಂಚು
೮ ಜನವರಿ ೧೯೩೬, ಬುಧವಾರ

ಪ್ರೀತಿಯ ಅತ್ತೇ,

ಸಿಕ್ಕಿತು, ಸಿಕ್ಕಿತು, ಕೊನೆಗೂ ಸಿಕ್ಕಿತು! ಹನ್ನೊಂದು ದಿನ ಅಲೆದ ಮೇಲೆ ಬಾಯಿಗೆ ರುಚಿಯಾದ, ಜೇಬಿಗೆ ಹಗುರವಾದ, ಮಾನವಾಗಿ ಕುಳಿತು ಉಣ್ಣಬಹುದಾದ ಒಂದು ಊಟದ ಮನೆ ಸಿಕ್ಕಿತು! ಕುಣಿಯಬೇಕು ಅನ್ನಿಸುತ್ತಿದೆ, ಆದರೆ ಸ್ಟೇಷನ್ ಮಾಸ್ತರು ಕಿಟಕಿಯಿಂದ ನೋಡುತ್ತಿದ್ದಾರೆ. ನಿನ್ನ ಮೊಣಕಾಲು ನೋವು ಹೇಗಿದೆ? ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಅದನ್ನೂ ಹಸುವಿನ ಕಾಲಿಗೇ ಸುರಿಯುತ್ತಿದ್ದೀಯಾ? ಅವ್ವ, ಅಪ್ಪ, ತಮ್ಮ ಸಿದ್ದರಾಜು ಚೆನ್ನಾಗಿರಬೇಕು. ನಾನು ಕಲಿಸಿದ ಅಕ್ಷರ ಮರೆತಿಲ್ಲ ತಾನೆ? ನೀನು ಕೂಡಿಸಿ ಕೂಡಿಸಿ ಓದುವುದಕ್ಕೆಂದೇ ದುಂಡಗೆ ಬರೆಯುತ್ತಿದ್ದೇನೆ. ಎಷ್ಟು ಹೊತ್ತಾದರೂ ನೀನೇ ಓದು, ಸಿದ್ದರಾಜನ ಕೈಗೆ ಮಾತ್ರ ಕೊಡಬೇಡ. ಅವನು ಓದಿದರೆ ಇಡೀ ಅರಕೆರೆಗೆ ಡಂಗುರ ಹೊಡೆದಂತೆ.

ನಮ್ಮವರ ಕೆಲಸ ನಿನಗೆ ಗೊತ್ತಲ್ಲ, ಅಬ್ಕಾರಿ ಇನ್ಸ್‌ಪೆಕ್ಟರು. ಹೆಂಡ ಇಳಿಸುವ ಈಚಲು ಮರಗಳಿಗೆ ಹಾಕಿದ ನಂಬರು ನೋಡುವುದು, ಹೆಂಡದಂಗಡಿಗಳ ತನಿಖೆ ಮಾಡುವುದು. ಈ ಸಲದ ಸರ್ಕೀಟಿಗೆ ನಾನೂ ಬರುತ್ತೇನೆಂದು ಹಟ ಮಾಡಿ ಹೊರಟೆ. ಇಸ್ಕೂಲಿನ ಇಂಗ್ಲಿಷ್ ಪಾಠದಲ್ಲಿ ಫ್ರಾನ್ಸ್ ದೇಶದ, ಮದ್ಯಕ್ಕೆ ಹೆಸರಾದ ದ್ರಾಕ್ಷಿ ಸೀಮೆಯ ವಿಷಯ ಓದಿದ್ದೆ. ಹೊಸದಾಗಿ ಮದುವೆಯಾದವರು ತೋಟದಿಂದ ತೋಟಕ್ಕೆ ಗಾಡಿ ಕಟ್ಟಿಕೊಂಡು ಹೋಗುತ್ತಾರಂತೆ. ಹೋದಲ್ಲೆಲ್ಲ ಅಚ್ಚುಕಟ್ಟಾದ ಊಟದ ಮನೆ, ಮೇಜಿನ ಮೇಲೆ ಹೂವು, ಮಿತವಾದ ಬೆಲೆ. ನಮ್ಮದೂ ಒಂದು ಮದ್ಯದ ಸೀಮೆಯೇ ಅಲ್ಲವೇ, ದ್ರಾಕ್ಷಿಯ ಬದಲು ಈಚಲು, ಅಷ್ಟೆ! ನಮ್ಮ ಹಿರೋಡೆಗೆ ಸರ್ಕಾರದ ಕಾಗದದಲ್ಲಿ ಫ್ರೆಂಚ್ ರಾಕ್ಸ್ ಎಂದೇ ಹೆಸರಿರುವಾಗ ಊಟಕ್ಕೇನು ಕಡಿಮೆ ಅಂದುಕೊಂಡೆ. ಇವರು ನಕ್ಕರು. ಆಗಲೇ ಅನುಮಾನ ಬರಬೇಕಿತ್ತು. ನೀನೇ ಅಡುಗೆ ಮಾಡಬಾರದಿತ್ತೇ ಎಂದು ಕೇಳಬೇಡ. ನನಗೆ ಅಡುಗೆ ಬಾರದೆಂಬುದು ನಿನ್ನೊಬ್ಬಳಿಗೆ ಗೊತ್ತಿದ್ದ ಗುಟ್ಟು. ಈಗ ಇವರಿಗೂ ಗೊತ್ತು. ನಾವು ಇಳಿದುಕೊಳ್ಳುವ ಸರ್ಕಾರಿ ಬಂಗಲೆ ಕಾಯುವ ಮೇಟಿಗೆ ಹೇಳಿದರೆ ಊರೊಳಗೆ ನುಗ್ಗಿ ಯಾರದ್ದೋ ಕೋಳಿ ಹಿಡಿದು ತರುತ್ತಾನೆ. ಅದು ಇವರಿಗೆ ಆಗದು. ನಮ್ಮವರದು ಒಂದೇ ಹಟ: ಕಾಸು ತೆಗೆದುಕೊಳ್ಳದವರ ಎಲೆಯಲ್ಲಿ ತುತ್ತು ಮುಟ್ಟಕೂಡದು.

ಶ್ರೀರಂಗಪಟ್ಟಣದಲ್ಲೇ ಶುರುವಾಯಿತು. ಗಂಜಾಂನಲ್ಲಿ ನಿಮಿಷಾಂಬೆಗೆ ಕೈಮುಗಿದು, ಹೊಸ ಸೀರೆ ಚಿಮ್ಮಿಸಿಕೊಂಡು ಒಂದು ಕಾಫಿ ಕ್ಲಬ್ಬಿನ ಮೆಟ್ಟಿಲು ಹತ್ತಿದೆ. ಒಳಕೋಣೆ ಬ್ರಾಹ್ಮಣರಿಗೆ ಮಾತ್ರ ಎಂಬ ಹಲಗೆ. ಆಗಲಿ, ಹೊರಗಿನ ಬೆಂಚೇ ಸಾಕು ಅಂದುಕೊಂಡೆ. ಅದೂ ಇಲ್ಲ! "ಹೆಂಗಸರು ಅಂಗಡೀಲಿ ಕೂರೋ ಪದ್ಧತಿ ಇಲ್ಲಮ್ಮ, ಗಾಡಿಗೇ ಕಳಿಸ್ತೀನಿ" ಎಂದ ಯಜಮಾನ. ಮಾಂಸ ಮಾರುವ ಅಂಗಡಿಗೆ ನುಗ್ಗಿದವಳ ಹಾಗೆ ಎಲ್ಲರೂ ನನ್ನನ್ನೇ ನೋಡಿದರು. ಜಟಕಾದೊಳಗೆ ಮೊಣಕಾಲಿನ ಮೇಲೆ ಎಲೆ ಇಟ್ಟುಕೊಂಡು ತಣ್ಣಗಾದ ದೋಸೆ ತಿಂದೆ. ಗಾಡಿಗೆ ತಂದುಕೊಟ್ಟದ್ದಕ್ಕೆ ಬೇರೆ ಒಂದಾಣೆ ಜಾಸ್ತಿ! ಇವರ ಜವಾನ ನಿಂಗಯ್ಯ, "ಕುದ್ರೆಗೂ ಉಳ್ಳಿಕಾಳ ಇಂಗೇ ಮಡಗೋದು ಕಣ್ರವ್ವ, ಆದ್ರೆ ಅದುಕ್ಕೆ ಕಾಸು ಕೇಳಾಕಿಲ್ಲ" ಎಂದ. ಅವನನ್ನು ಬೈಯಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ.

ಹಿರೋಡೆಯಲ್ಲಿ ಕರಿಯಪ್ಪ ಎಂಬಾತನ ಮಿಲ್ಟ್ರಿ ಹೋಟ್ಲು. ಅಲ್ಲಿ ನನಗೆಂದೇ ಒಂದು ತಟ್ಟಿ ಮರೆ ಕಟ್ಟಿಸಿ, ಚಾಪೆ ಹಾಸಿಸಿ, ಮಾಂಸದ ಸಾರು, ಮುದ್ದೆ, ಚಾಪ್ಸು ಎಲ್ಲ ಬಡಿಸಿದ. ಅತ್ತೇ, ಆ ಘಮ! ಮುದ್ದೆ ಮುರಿದೂ ಆಗಿತ್ತು. ಅಷ್ಟರಲ್ಲಿ ಇವರು ಊಟಕ್ಕೆ ಎಷ್ಟು ಎಂದು ಕೇಳಿದರು. ಕರಿಯಪ್ಪ ಕಿವಿ ಮುಚ್ಚಿಕೊಂಡು "ನಿಮ್ತಾವ ಕಾಸಾ ಬುದ್ಧೀ? ನನ್ನ ಕೈ ಸೇದೋಗ್ಲಿ" ಎಂದ. "ಕಾಸು ಈಸ್ಕೊ, ಉಣ್ತೀನಿ" ಎಂದರು ಇವರು. "ನಿಮ್ತಾವ ಈಸ್ಕಂಡ್ರೆ ನಾಳೀಕೆ ನಮ್ಮಣ್ಣನ ಹೆಂಡದಂಗ್ಡಿ ಗತಿ ಏನು ಬುದ್ಧೀ?" ಎಂದುಬಿಟ್ಟ, ಪಾಪ, ಬಾಯಿ ತಪ್ಪಿ! ಇವರು ಎಲೆ ಬಿಟ್ಟು ಎದ್ದರು. ಎಲೆ ಮುಂದೆ ಕುಳಿತವರು ಉಣ್ಣದೆ ಎದ್ದರೆ ಆ ಮನೆಗೆ ಎಂಥ ಅವಮಾನವೆಂದು ನಿನಗೆ ನಾನು ಹೇಳಬೇಕೇ? ಕರಿಯಪ್ಪನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಅತ್ತುಬಿಟ್ಟೆ, ಆದರೆ ನಾನು ಅತ್ತದ್ದು ಚಾಪ್ಸಿಗಾಗಿ. ಆ ದಿನ ಸಂಜೆಯವರೆಗೆ ಇವರೊಡನೆ ಮಾತು ಬಿಟ್ಟಿದ್ದೆ. ಅನ್ಯಾಯದ ಅಂಗಡಿಯವನಿಗೆ ಅವಮಾನ, ಸರಿ. ಹಸಿದ ಹೆಂಡತಿಗೇಕೆ ಉಪವಾಸ?

ನಾಗಮಂಗಲಕ್ಕೆ ನಮಗಿಂತ ಮುಂಚೆ ಸುದ್ದಿ ಹೋಗಿತ್ತು. ಅಲ್ಲಿಯ ಹೋಟಲಿನವನು ಹುಳಿ ಹತ್ತಿದ ಸಾರು, ಕಲ್ಲಿನಂಥ ಅನ್ನ ಬಡಿಸಿ ಮೂರು ಪಾಲು ಬೆಲೆ ಹೇಳಿದ. ಪಕ್ಕದ ಎಲೆಯವನು ಎಷ್ಟು ಕೊಟ್ಟನೆಂದು ನಾನೇ ಕಣ್ಣಾರೆ ನೋಡಿದ್ದೆ. ಬಿಡುತ್ತೇನೆಯೇ! ಇಂಗ್ಲಿಷು ಕನ್ನಡ ಎರಡರಲ್ಲೂ ಜಗಳವಾಡಿದೆ. ಅವನು ಸ್ವಲ್ಪವೂ ನಾಚದೆ "ಕಾಸು ಕೊಡೋ ಆಪೀಸರು ನಮ್ಮೂರ್ಗೆ ಬಂದಿದ್ದೇ ಇದು ಮೊದ್ಲು ಕಣವ್ವ, ಸಿಕ್ದಾಗ ಈಸ್ಕಬೇಕು" ಎಂದ. ಕೃಷ್ಣರಾಜಪೇಟೆಯಲ್ಲಿ ಇನ್ನೂ ಚೆಂದ. ಅಬ್ಕಾರಿಯವರು ದಾಳಿಗೆ ಬಂದರೆಂದು ಹೆದರಿ ಹೋಟಲಿನ ಬಾಗಿಲನ್ನೇ ಹಾಕಿಕೊಂಡರು. "ಒಲೆ ಆರೋಗದೆ ಸ್ವಾಮಿ" ಎಂದು ಒಳಗಿನಿಂದ ಕೂಗುತ್ತಾರೆ, ಹೆಂಚಿನ ಮೇಲೆ ಹೊಗೆ ಮೋಡದ ಹಾಗೆ ಏಳುತ್ತಿದೆ! ಪುರಿ, ಬಾಳೆಹಣ್ಣು ತಿಂದು ಮಲಗಿದೆವು. ಒಂದು ಊಟ ಮಾಡಿ ಅದರ ಬೆಲೆ ಕೊಟ್ಟು ಏಳುವುದು ಇಷ್ಟು ಕಷ್ಟವೇ ಅತ್ತೇ? ಒಬ್ಬ ಹೆಣ್ಣನ್ನು ಕೂರಿಸುವುದಿಲ್ಲ, ಒಬ್ಬ ಕಾಸು ಮುಟ್ಟುವುದಿಲ್ಲ, ಒಬ್ಬ ಕಾಸು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಸಿಟ್ಟಿನಿಂದ ನನ್ನ ಹೊಟ್ಟೆ ತುಂಬಿದಷ್ಟು ಊಟದಿಂದ ತುಂಬಲಿಲ್ಲ.

ಇವತ್ತು ಅಕ್ಕಿಹೆಬ್ಬಾಳಿಗೆ ಬಂದಾಗ ನನಗೆ ತಲೆ ತಿರುಗುತ್ತಿತ್ತು. ಸ್ಟೇಷನ್ನಿನ ಎದುರಿಗೆ ಒಂದು ಹೆಂಚಿನ ಮನೆ. ಹಲಗೆ ಇಲ್ಲ, ಬೆಂಚಿಲ್ಲ. ಜಗಲಿಯ ಮೇಲೆ ಗಾಡಿಯವರು, ರೈಲು ಗ್ಯಾಂಗಿನ ಕೂಲಿಯವರು, ಸಂತೆಗೆ ಹೊರಟ ಹೆಂಗಸರು ಎಲ್ಲ ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದಾರೆ. ಚಿಕ್ಕಬೋರಮ್ಮ ಎಂಬ ಮುದುಕಿ ನನ್ನ ಮುಖ ನೋಡಿದವಳೇ "ಕುಂತ್ಕೊ ಮಗಾ, ಹೆಸ್ರು ಆಮ್ಯಾಕೆ ಹೇಳೀವಂತೆ" ಎಂದು ಎಲೆ ಹಾಸಿದಳು. ಅವರೆಕಾಳು, ಸೊಪ್ಪಿನ ಬಸ್ಸಾರು, ಅಂಗೈ ಅಗಲದ ಬಿಸಿ ಮುದ್ದೆ. ಮೊದಲನೆಯ ತುತ್ತಿಗೇ ನನ್ನ ಕಣ್ಣಲ್ಲಿ ನೀರು. ನಿನ್ನ ಸಾರು ಅತ್ತೇ! ಸುಟ್ಟ ಈರುಳ್ಳಿ ಅರೆದು ಹಾಕುವ ಅದೇ ಕೈ! ಉಂಡಾದ ಮೇಲೆ ಇವರು ಹೆದರಿ ಹೆದರಿ ಎಷ್ಟು ಎಂದು ಕೇಳಿದರು. "ಎಲೆಗೆ ಎರಡಾಣೆ, ಪಕ್ಕದಲ್ಲಿ ಮಡಗಿ" ಎಂದಳು. ಇವರು ತಾವು ಅಬ್ಕಾರಿ ಇನ್ಸ್‌ಪೆಕ್ಟರೆಂದು ತಾವಾಗಿಯೇ ಹೇಳಿಕೊಂಡರು. "ಅಂಗಾದ್ರೆ ಏನ್ ಎರಡು ಹೊಟ್ಟೆಯಾ ನಿಮ್ಗೆ? ಎರಡಾಣೆಯೇ" ಎಂದಳು. ನಮ್ಮವರು ಹನ್ನೊಂದು ದಿನಕ್ಕೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಸಂತೋಷದಲ್ಲಿ ನಾನು ನಿನ್ನ ಅಡುಗೆಯ ಗುಣಗಾನ ಶುರುಮಾಡಿದೆ. ಗಂಡ ತೀರಿಕೊಂಡು ತವರಿಗೆ ಬಂದ ನಮ್ಮ ಸೋದರತ್ತೆ, ಇಪ್ಪತ್ತು ವರ್ಷದಿಂದ ಎರಡು ಹೊತ್ತೂ ಮನೆಯವರು, ಆಳುಗಳು, ನೆಂಟರು ಎಂದು ಇಪ್ಪತ್ತು ಎಲೆಗೆ ಬಡಿಸುತ್ತಾಳೆ, ಒಂದು ದಿನ ಉಪ್ಪು ಹೆಚ್ಚಿಲ್ಲ, ಹುಳಿ ಕಡಿಮೆಯಿಲ್ಲ ಎಂದೆಲ್ಲ. ಅವರಿಗೇನು ಕೊಡುತ್ತೀರಿ ಎಂದು ಇವರು ಕೇಳಿದರು. ನಾನು ಜಂಬದಿಂದ, ವರ್ಷಕ್ಕೆ ಎರಡು ಸೀರೆ, ಮನೆಯವರಂತೆಯೇ ಇದ್ದಾಳೆ ಎಂದೆ. ಇವರು ಕೈ ತೊಳೆಯುತ್ತ, ಮೆಲ್ಲಗೆ, "ಅಂಗಾದ್ರೆ ಇಂದ್ರಾ, ನಿಮ್ಮನೇರೂ ಇಪ್ಪತ್ತು ವರ್ಸದಿಂದ ಬಿಟ್ಟಿ ಉಂಡವ್ರೆ ಅನ್ನು" ಎಂದರು.

ನನಗೆ ಬಂದ ಸಿಟ್ಟು! ನಮ್ಮ ಮನೆಯನ್ನು ಆ ಬಿಟ್ಟಿ ತಿನ್ನುವ ಅಧಿಕಾರಿಗಳ ಸಾಲಿಗೆ ಸೇರಿಸುವುದೇ? ಬಾಯಿಗೆ ಬಂದದ್ದೆಲ್ಲ ಅಂದೆ. ಅನ್ನುತ್ತ ಅನ್ನುತ್ತ ನನ್ನ ಮದುವೆಯ ದಿನ ನೆನಪಾಯಿತು. ಮುನ್ನೂರು ಎಲೆ ಎದ್ದ ಮೇಲೆ ನೀನು ಹಿತ್ತಲಿನ ಕಲ್ಲಿನ ಮೇಲೆ ಕುಳಿತು, ಬಾಣಲೆಯಲ್ಲಿ ಉಳಿದದ್ದನ್ನು ಬಳಿದು ಉಣ್ಣುತ್ತ, "ನಂದೂ ಅಂತ ಒಂದು ಒಲೆ ಇದ್ದಿದ್ರೆ ಇಂದ್ರೀ, ಬಿಸಿ ಬಿಸೀಲೆ ಉಣ್ಣಬೋದಿತ್ತು" ಎಂದೆಯಲ್ಲ. ನಾನು ಬಳೆ ಎಣಿಸಿಕೊಳ್ಳುತ್ತ ಹ್ಞೂಂ ಅಂದಿದ್ದೆ. ಕರಿಯಪ್ಪನ ಹೋಟ್ಲಿನಲ್ಲಿ ನಮ್ಮವರು ಎದ್ದದ್ದು ಸರಿಯಾದರೆ, ನಿನ್ನ ಎಲೆಯಿಂದ ನಾವು ಯಾರೂ ಒಂದು ದಿನವೂ ಏಕೆ ಏಳಲಿಲ್ಲ? ಅಪ್ಪನ ಮೇಲೆ ಸಿಟ್ಟು, ಅವ್ವನ ಮೇಲೆ ಸಿಟ್ಟು, ಅವರೆಲ್ಲರಿಗಿಂತ ನನ್ನ ಮೇಲೆ. ದೋಸೆಗೆ ಒಂದಾಣೆ ಜಾಸ್ತಿ ಕೇಳಿದನೆಂದು ಊರೆಲ್ಲ ಕೇಳುವಂತೆ ಅರಚಿದವಳು ನಾನು!

ಈಗ ಕೇಳು. ಚಿಕ್ಕಬೋರಮ್ಮನಿಗೆ ಕಣ್ಣು ಮಂಜಾಗಿದೆ. ಸಂಕ್ರಾಂತಿ ಕಳೆದ ಮೇಲೆ ಮಗಳ ಊರು ಸೇರುತ್ತಾಳಂತೆ. ಮನೆಯನ್ನು ಹೆಂಡದಂಗಡಿಗೆ ಕೊಡು ಎಂದು ಒಬ್ಬ ಕಂಟ್ರಾಕ್ಟರ ದಿನಾ ಬಂದು ಕೂರುತ್ತಾನೆ. ಅವಳಿಗೆ ಇಷ್ಟವಿಲ್ಲ. ಒಲೆ ಆರಬಾರದು ಎನ್ನುತ್ತಾಳೆ. "ಕಾಸು ಈಸ್ಕಳಕ್ಕೆ ನಾಚ್ಕಳೋಳು ಬ್ಯಾಡ, ಕಾಸಿಲ್ಲ ಅಂತ ಎಬ್ಬಿಸೋಳೂ ಬ್ಯಾಡ, ಅಂತೋಳು ಸಿಕ್ಕುದ್ರೆ ಬಾಡಿಗೆಗೆ ಬುಟ್ಟೋಯ್ತೀನಿ" ಎಂದಳು. ನಾನು ಒಂದು ಗಳಿಗೆಯೂ ಯೋಚಿಸದೆ ನಿನ್ನ ಹೆಸರು ಹೇಳಿಬಿಟ್ಟೆ. ಕೇಳದೆ ಹೇಳಿದ್ದು ತಪ್ಪು, ಗೊತ್ತು. ಅಪ್ಪ "ನಮ್ಮನೆ ಹೆಣ್ಣು ಹೋಟ್ಲು ಮಡಗದಾ?" ಎಂದು ಜಗಲಿ ಅದುರುವಂತೆ ಕೂಗುತ್ತಾರೆ, ಅದೂ ಗೊತ್ತು. ಕೂಗಲಿ. ಹೆಣ್ಣು ಒಲೆಯ ಮುಂದೆ ಬೇಯುವುದು ಮರ್ಯಾದೆ, ಅದಕ್ಕೆ ಎರಡಾಣೆ ಹುಟ್ಟಿದರೆ ಅವಮಾನವೇ? ಆದರೆ ಒಪ್ಪುವುದು ಬಿಡುವುದು ನಿನ್ನದು. ನಿನಗೆ ಬೇಡವಾದರೆ ಚಿಕ್ಕಬೋರಮ್ಮನ ಮುಂದೆ ನಾನೇ ತಪ್ಪೊಪ್ಪಿಕೊಳ್ಳುತ್ತೇನೆ. ಸಂಕ್ರಾಂತಿಯವರೆಗೆ ಕಾಯುತ್ತೇನೆಂದು ಅವಳು ಮಾತು ಕೊಟ್ಟಿದ್ದಾಳೆ, ಅದರಾಚೆಗೆ ಒಂದು ದಿನವೂ ಇಲ್ಲ.

ಅವ್ವ, ಅಪ್ಪನಿಗೆ ನಮ್ಮಿಬ್ಬರ ನಮಸ್ಕಾರ. ಸಿದ್ದರಾಜನಿಗೆ ಆಶೀರ್ವಾದ, ನಾಗಮಂಗಲದ ಹೋಟಲಿಗೆ ಎಂದೂ ಹೋಗಕೂಡದೆಂದು ಎಚ್ಚರಿಕೆ. ನಿನ್ನ ಮೊಣಕಾಲಿಗೆ ನಾನೇ ಬಂದು ಎಣ್ಣೆ ತಿಕ್ಕುತ್ತೇನೆ.

ನಿನ್ನ ಕೈತುತ್ತಿನ ಕೂಸು,
ಇಂದ್ರಿ

ಮರೆತೆ! ಟಪಾಲು ಚೀಲ ಕಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಪ್ಪನ ಎದುರಿಗೆ ನೀನು ಬಾಯಿಬಿಟ್ಟು ಹೇಳಲಾರೆ. ಹೇಳಬೇಕಾಗಿಯೂ ಇಲ್ಲ. ನಾನು ಬಂದ ದಿನ ಎಲ್ಲರ ಜೊತೆ ನನಗೂ ಎಲೆ ಹಾಕು. ಉಂಡು ಏಳುವಾಗ ಎಲೆಯ ಪಕ್ಕದಲ್ಲಿ ಎರಡಾಣೆ ಇಡುತ್ತೇನೆ. ನೀನು ಅದನ್ನು ಅಲ್ಲೇ ಬಿಟ್ಟರೆ ಆ ಮಾತು ಮತ್ತೆ ಎತ್ತುವುದಿಲ್ಲ. ತೆಗೆದು ಸೆರಗಿಗೆ ಕಟ್ಟಿಕೊಂಡರೆ, ಅಪ್ಪನ ಹತ್ತಿರ ಜಗಳ ನನ್ನದು, ನೀನು ಮುದ್ದೆ ಕೋಲು ಮಾತ್ರ ಗಂಟು ಕಟ್ಟು. ಬರುವ ಸೋಮವಾರ ಹದಿಮೂರನೆಯ ತಾರೀಖು, ಮೈಸೂರಿನಿಂದ ಮಧ್ಯಾಹ್ನದ ಪ್ಯಾಸೆಂಜರಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಇಳಿಯುತ್ತೇನೆ.