ಮರಿಯಣ್ಣ ರಿಪೇರಿ ಮಾಡಿದ ಯಂತ್ರ

ಮತ್ತಿಕೆರೆ, ಸೋಮವಾರ

ನಂಜಪ್ಪನವರೇ,

ಚಾಮರಾಜಪೇಟೆಯ ನರ್ಸಿಂಗ್ ಹೋಮಿನಲ್ಲಿ ನಮ್ಮ ಕಂಪನಿಯ ಆಕ್ಸಿಜನ್ ಯಂತ್ರ ನಿಂತು ಸುಬ್ಬಮ್ಮ ಎಂಬವರು ತೀರಿಕೊಂಡರು. ಅದನ್ನು ರಿಪೇರಿ ಮಾಡಿದ್ದ ಮೆಕ್ಯಾನಿಕ್ ಮರಿಯಣ್ಣನವರೇ ಕಾರಣವೆಂದು ನೀವು ಪೊಲೀಸರಿಗೆ ಬರೆದುಕೊಟ್ಟಿದ್ದೀರಿ. ಅದು ಸುಳ್ಳು. ನಿಮಗೂ ಗೊತ್ತು.

ಅವರು ಹಾಕಿದ ಬೇರೆ ಕಂಪನಿಯ ಫ್ಯಾನ್ ಸರಿಯಾಗಿಯೇ ಇತ್ತು. ಕರೆಂಟ್ ಹೋಗಿ ಬಂದಾಗ ಯಂತ್ರವನ್ನು ಏಳಗೊಡದೆ ತಡೆದದ್ದು ನನ್ನ ಸ್ಕ್ರಿಪ್ಟ್. ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಬೂಟ್‌ಲೋಡರಿನೊಳಗೆ, ಸ್ಕ್ರಿಪ್ಟಿನ ಆದೇಶಗಳನ್ನು ಸಾಲುಸಾಲಾಗಿ ಓದಿ ನಡೆಸುವ ಇಂಟರ್‌ಪ್ರಿಟರ್ ಕೂರಿಸಿದ್ದು ಸಣ್ಣಪುಟ್ಟ ದೋಷಗಳನ್ನು ಬೇಗ ತಿದ್ದಲೆಂದು. ಹೊರಗಿನವರ ಬಿಡಿಭಾಗ ಕಂಡರೆ ಯಂತ್ರವನ್ನೇ ನಿಲ್ಲಿಸುವ ಸಾಲುಗಳನ್ನು ನೀವು ಆ ಸ್ಕ್ರಿಪ್ಟಿನಲ್ಲಿ ನನ್ನಿಂದ ಬರೆಸಿದಿರಿ. ಮತ್ತೆ ಸುರಕ್ಷತಾ ಪರೀಕ್ಷೆ ಆಗಬೇಕೆಂದೆ. "ಬರೀ ಸ್ಕ್ರಿಪ್ಟ್ ಕಣಮ್ಮ, ನಾಲ್ಕು ಸಾಲು. ಅದಕ್ಕೆಲ್ಲ ಯಾರು ಟೆಸ್ಟ್ ಮಾಡಿಸ್ತಾರೆ?" ಎಂದು ನಕ್ಕಿರಿ. ನಾನು ಬಾಯಿ ಮುಚ್ಚಿಕೊಂಡು ಬರೆದೆ.

ನಿನ್ನೆ ಮರಿಯಣ್ಣನವರು ಫೋನ್ ಮಾಡಿ, "ನಾನೆಲ್ಲಿ ತಪ್ಪು ಮಾಡ್ದೆ ಹೇಳಿ ಮೇಡಂ, ಇನ್ನೊಂದ್ಸಲ ಹಂಗ್ ಮಾಡಲ್ಲ" ಎಂದರು.

ಅಂಥ ಯಂತ್ರಗಳು ಇನ್ನೂ ನಲವತ್ತು ಆಸ್ಪತ್ರೆಗಳಲ್ಲಿವೆ. ಆ ಸಾಲುಗಳನ್ನು ತೆಗೆದ ಸ್ಕ್ರಿಪ್ಟ್ ಕಳಿಸಿದ್ದೇನೆ. ಇವತ್ತೇ ಪರೀಕ್ಷೆ ಮಾಡಿಸಿ, ಎಲ್ಲ ಕಡೆಗೂ ಹಾಕಿಸಿ. ನಾಳೆ ಹತ್ತು ಗಂಟೆಗೆ ನಾನು ಠಾಣೆಗೆ ಹೋಗಿ, ಬರೆದವಳು ನಾನು, ಬರೆಸಿದವರು ನೀವು ಎಂದು ಹೇಳಿಕೆ ಕೊಡುತ್ತೇನೆ. ತಡೆಯಲು ನನಗೆ ಫೋನ್ ಮಾಡಬೇಡಿ. ಮರಿಯಣ್ಣನವರಿಗೆ ಮಾಡಿ.

ಯಮುನಾ