ಎಡಗಡೆಯ ಅಂಚು

ಸೋಮವಾರ, ನವೆಂಬರ್ ೪

ಪ್ರೀತಿಯ ಸೂಜಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬೇಗ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂರಬೇಡ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟವಳು ‘ಚೆನ್ನಾಗಿ’ ಎಂಬ ಮಾತಿನ ಮುಂದೆ ಪೆನ್ನು ಎತ್ತಿಬಿಟ್ಟೆ. ಮೇಲುನೋಟಕ್ಕೆ ಅದು ಸುಳ್ಳಲ್ಲ. ನಿನ್ನ ಭಾವನ ಮಂಡಿನೋವು ಕಡಿಮೆಯಾಗಿದೆ. ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ. ನಾನು ಉಂಡು, ಮಲಗಿ, ಎದ್ದು ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಆದರೆ ನಿನ್ನ ಅಷ್ಟು ಸಣ್ಣ ಪ್ರಶ್ನೆಗೆ ಉತ್ತರ ಬರೆಯಲು ಇಷ್ಟು ತಡವಾದದ್ದು ಹೆದರಿಕೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಹೇಳದೆಯೇ ಕಾಗದ ಅಂಟಿಸಿಬಿಡುವವಳು ನಾನು.

ನಮ್ಮ ಸೋದರಮಾವನ ಹೊಸ ಕೌದಿಗೆ ಸುತ್ತಿಟ್ಟ ಥಾನಿನಿಂದ ಬಟ್ಟೆ ತಂದು ಕತ್ತರಿಸುವುದೋ, ಅಂಗಡಿಯಲ್ಲಿ ಕತ್ತರಿಸಿಯೇ ಮಾರುವ ತುಂಡುಗಳ ಪ್ಯಾಕೆಟ್ ತರುವುದೋ ಎಂದು ನೀನು ಕೇಳಿದ್ದೆ. “ಈ ಸಲ ರೆಡಿ ತುಂಡು ತಂದುಬಿಡೋಣ ಅಕ್ಕಾ, ನಿನ್ನ ಬೆನ್ನಿಗೂ ವಿಶ್ರಾಂತಿ ಆಗುತ್ತೆ” ಎಂದು ಬರೆದಿದ್ದೆ. ಓದಿದ ಕೂಡಲೇ ನನಗೆ ಮೈ ಉರಿಯಿತು. ಇಷ್ಟು ವರ್ಷ ನಾನು ಕತ್ತರಿಸಿ ಪಾರ್ಸೆಲ್ ಮಾಡುವುದು, ನೀನು ಕೂಡಿಸಿ ಹೊಲಿಯುವುದು ಎಂದು ನಡೆದುಬಂದಿದೆ. ಅದಕ್ಕೇ ಅಲ್ಲವೆ ಮಾವ ನನಗೆ ಕತ್ತರಿ ಎಂದೂ ನಿನಗೆ ಸೂಜಿ ಎಂದೂ ಹೆಸರಿಟ್ಟದ್ದು? ಪ್ಯಾಕೆಟ್ ಬಂದರೆ ಸೂಜಿಗೆ ಕೆಲಸ ಉಳಿಯುತ್ತದೆ. ಕತ್ತರಿ ಏನು ಮಾಡಬೇಕು, ಮೊಳೆಗೆ ನೇತಾಡಿಕೊಂಡು ಇರಬೇಕೆ?

ರೆಡಿ ತುಂಡುಗಳ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತಿರುವುದೇ. ಅಂಚಿಗೆಲ್ಲ ಇಲಿ ಕಚ್ಚಿದಂತೆ ಹಲ್ಲು ಹಲ್ಲು. ಮೊದಲೇ ಒಗೆದು ನೋಡುವಂತಿಲ್ಲ, ನೀರಿಗೆ ಹಾಕಿದರೆ ಎಳೆ ಬಿಟ್ಟುಕೊಳ್ಳುತ್ತದೆ. ನಮಗೆ ಬೇಡದ ಹೂವಿನ ತುಂಡುಗಳೂ ಬೇಕಾದವುಗಳ ಜೊತೆ ಬಂದು ಕೂತಿರುತ್ತವೆ, ಮದುವೆಗೆ ಕರೆಯದೆ ಬಂದ ನೆಂಟರ ಹಾಗೆ. ಥಾನಿನ ಬಟ್ಟೆಯಾದರೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಎಳೆ ಯಾವ ಕಡೆ ಓಡುತ್ತದೆಂದು ಬೆರಳಿನಿಂದ ನೋಡಿ, ಆಮೇಲೆ ಕತ್ತರಿ ಇಡಬಹುದು. ತಪ್ಪಿದರೂ ನಮ್ಮದೇ ತಪ್ಪು. ಹೀಗೆಲ್ಲ ಬರೆದು ನಿನ್ನ ಬಾಯಿ ಮುಚ್ಚಿಸಬೇಕೆಂದಿದ್ದೆ.

ಅದಕ್ಕೆ ಮೊದಲು ಮಂಚದ ಅಳತೆ ಬೇಕಿತ್ತು. ಮಾವನ ಮನೆಗೆ ಹೋದೆ. ಈಗ ಅಗಲದ ಮಂಚ ತರಿಸಿಕೊಂಡಿದ್ದಾರೆ. “ಒಬ್ಬರೇ ಮಲಗೋದಕ್ಕೆ ಇಷ್ಟು ಅಗಲ ಯಾಕೆ ಮಾವ?” ಎಂದರೆ, “ಚಳಿ ಬಂದು ಪಕ್ಕದಲ್ಲಿ ಮಲಗುತ್ತಲ್ಲಾ, ಅದಕ್ಕೂ ಜಾಗ ಬೇಡವೆ?” ಎಂದು ನಕ್ಕರು. ನಾವು ಹೊಲಿದುಕೊಟ್ಟ ಹಳೆಯ ಕೌದಿಯನ್ನು ಕಾಲ ಮೇಲೆ ಹೊದ್ದು ಕೂತಿದ್ದರು. ಅದನ್ನು ಸವರಿ, “ಕತ್ತರೀ, ನೀನು ಕತ್ತರಿಸಿದ್ದೇನೋ ಸರಿ, ಚೆಂದ ಬಂದಿರೋದು ಮಾತ್ರ ಸೂಜಿಯಿಂದ. ನೋಡು, ಒಂದೊಂದು ತುಂಡಿನ ಪಕ್ಕಕ್ಕೂ ಒಂದು ನೀಲಿ ಪಟ್ಟಿ ಕೂಡಿಸಿದ್ದಾಳೆ. ಯಾರಿಗೆ ಬರುತ್ತೆ ಈ ಬುದ್ಧಿ?” ಎಂದರು. ನೋಡಿದೆ. ಚೆನ್ನಾಗಿತ್ತು. ನಿನಗೆ ನೆಟ್ಟಗೆ ಒಂದು ಕಾಗದ ಹರಿಯಲೂ ಬಾರದು, ಇಷ್ಟು ಪಟ್ಟಿಗಳನ್ನು ಯಾರ ಕೈಯಲ್ಲಿ ಕತ್ತರಿಸಿಕೊಂಡೆಯೋ ಎಂದುಕೊಂಡು ಅಳತೆ ಬರೆದುಕೊಂಡು ಬಂದೆ. ಬರುವಾಗ ಅವರ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. “ಬಾಗಿಲನ್ನಾದರೂ ಬಿಟ್ಟು ಹೋಗೇ” ಎಂದರು ಮಾವ.

ಬಟ್ಟೆ ಅಂಗಡಿಯಲ್ಲಿ ಕಂದು ಬಣ್ಣದ ಥಾನು ಬಿಚ್ಚಿಸಿ ಬೇಕಾದಷ್ಟು ತೆಗೆದುಕೊಂಡೆ. ಅಂಗಡಿಯವನು ಮಡಚುತ್ತಿರುವಾಗ, ಒಂದು ಪ್ಯಾಕೆಟ್ ರೆಡಿ ತುಂಡೂ ಕೊಡು ಎಂದೆ. ಅವನು ಕೈ ನಿಲ್ಲಿಸಿ, “ನೀವಾ? ಈ ಪ್ಯಾಕೆಟ್ಟಾ?” ಎಂದ. “ಬೇರೆಯವರಿಗೆ” ಎಂದೆ. ನಿಜವಾಗಿ ಅದನ್ನು ಕೊಂಡದ್ದು ನಿನ್ನನ್ನು ಸೋಲಿಸಲಿಕ್ಕೆ. ಪ್ಯಾಕೆಟ್ಟಿನ ಅಳತೆಗೇ ನಾನೂ ಕೆಲವು ಚೌಕಗಳನ್ನು ಕತ್ತರಿಸುವುದು, ಒಂದರ ಮೇಲೊಂದು ಇಟ್ಟು ನೋಡುವುದು, ಅವರದ್ದು ಎಲ್ಲೆಲ್ಲಿ ಸೊಟ್ಟಗಿದೆಯೆಂದು ನಿನಗೆ ಬರೆಯುವುದು.

ಮಧ್ಯಾಹ್ನ, ಒಳ್ಳೆಯ ಬೆಳಕು. ಊಟದ ಮೇಜನ್ನು ಒರೆಸಿ ಬಟ್ಟೆ ಹಾಸಿದೆ. ಅಳತೆಪಟ್ಟಿ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಕತ್ತರಿಸಿದೆ. ಕತ್ತರಿ ಬಟ್ಟೆಯೊಳಗೆ ಹೋಗುವಾಗಿನ ಆ ಸದ್ದು ನನಗೆ ಎಷ್ಟು ಇಷ್ಟವೆಂದು ನಿನಗೆ ಗೊತ್ತು. ಪ್ಯಾಕೆಟ್ಟಿನ ಚೌಕವನ್ನು ಕೆಳಗಿಟ್ಟು, ನನ್ನದನ್ನು ಮೂಲೆಗೆ ಮೂಲೆ ಕೂಡಿಸಿ ಅದರ ಮೇಲಿಟ್ಟೆ. ಸರಿಯಾಗಿ ಕೂತಿತು. ಅವರದ್ದೂ ಅಷ್ಟೇನೂ ಕೆಟ್ಟದಾಗಿಲ್ಲ ಎಂದುಕೊಂಡು ಸುತ್ತ ಬೆರಳಾಡಿಸಿದೆ. ಎಡಗಡೆಯಲ್ಲಿ ಬೆರಳಿಗೆ ಆ ಹಲ್ಲು ಹಲ್ಲಿನ ಅಂಚು ತಾಗಿತು. ಕೆಳಗಿನ ತುಂಡು ಹೊರಗೆ ಚಾಚಿತ್ತು. ಕಣ್ಣು ಸರಿಯಿದೆ ಎನ್ನುತ್ತಿತ್ತು, ಬೆರಳು ಇಲ್ಲ ಎನ್ನುತ್ತಿತ್ತು.

ಎರಡನ್ನೂ ಹಿಡಿದು ತಿರುಗಿಸಿದೆ. ಎಡಗಡೆ ಇದ್ದದ್ದು ಬಲಗಡೆ ಬಂತು. ಆಗ ಕಂಡಿತು. ನನ್ನ ಚೌಕ ಚೌಕವೇ ಅಲ್ಲ. ಒಂದು ಬದಿ, ಕೆಳಗೆ ಸರಿಯಾಗಿ ಶುರುವಾಗಿ ಮೇಲೆ ಹೋಗುತ್ತಾ ಒಳಕ್ಕೆ ವಾಲಿತ್ತು. ಮತ್ತೆ ಮೊದಲಿನಂತೆ ಇಟ್ಟೆ. ವಾಲಿದ್ದು ಮಾಯವಾಯಿತು. ಸೂಜಿ, ಆ ಮೇಜಿನ ಮುಂದೆ ನಾನು ಅದನ್ನು ಎಷ್ಟು ಸಲ ತಿರುಗಿಸಿದೆನೋ. ಒಂದು ಕಡೆಯಿಂದ ತಪ್ಪು ಇದೆ, ಇನ್ನೊಂದು ಕಡೆಯಿಂದ ಇಲ್ಲ. ಅಳತೆಪಟ್ಟಿಯದೇ ತಪ್ಪಿರಲಿ ಎಂದು ಬೇರೆಯದನ್ನು ತಂದೆ. ಪ್ಯಾಕೆಟ್ಟಿನವರದ್ದೇ ತಪ್ಪಿರಲಿ ಎಂದು ಉಳಿದ ತುಂಡುಗಳನ್ನೆಲ್ಲ ಬಿಚ್ಚಿ ಒಂದರ ಮೇಲೊಂದು ಪೇರಿಸಿದೆ. ಅವು ಇಟ್ಟಿಗೆಯ ಹಾಗೆ ಕೂತವು. ನನ್ನವೂ ಒಂದರ ಮೇಲೊಂದು ಸರಿಯಾಗಿಯೇ ಕೂತವು. ಎಲ್ಲವೂ ಒಂದೇ ರೀತಿ ತಪ್ಪು.

ನಿನ್ನ ಭಾವ ಗಡಿಯಾರದಂಗಡಿಯಿಂದ ಊಟಕ್ಕೆ ಬಂದಾಗ ಮೇಜಿನ ತುಂಬ ಬಟ್ಟೆಯಿತ್ತು. ಅವರು ಬಟ್ಟೆಯನ್ನು ಒಂದು ಕಡೆ ಸರಿಸಿ ತಟ್ಟೆ ಇಟ್ಟರು. ಊಟದ ಮಧ್ಯೆ ಕೈ ಚಾಚಿ ನನ್ನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಇದು ಅವರ ಅಭ್ಯಾಸ. ಗಡಿಯಾರದವರಲ್ಲವೆ, ದುಂಡಗಿರುವುದನ್ನೆಲ್ಲ ತಿರುಗಿಸುತ್ತಾರೆ ಎಂದು ನಾನು ನಗೆಯಾಡುತ್ತಿದ್ದೆ. ಆ ದಿನ ತಟ್ಟೆಯನ್ನೇ ನೋಡಿದೆ. ತಿರುಗಿಸಿದ ಮೇಲೆ ಬಲಗಡೆ ಅನ್ನ ಮುಟ್ಟದೆ ಹಾಗೆಯೇ ಇತ್ತು. ಅದಕ್ಕೆ ಮುಂಚೆ ನನ್ನ ಕಣ್ಣಿಗೆ ತಟ್ಟೆ ಖಾಲಿಯಾಗಿತ್ತು.

“ಯಾವಾಗಿನಿಂದ?” ಎಂದೆ.

“ಏನು ಯಾವಾಗಿನಿಂದ?”

“ತಟ್ಟೆ.”

ಅವರು ನೀರು ಕುಡಿದರು. “ಊಟ ಬಿಡುತ್ತಿದ್ದೆಯಲ್ಲ, ಅದಕ್ಕೆ” ಎಂದರು. ಯಾವಾಗಿನಿಂದ ಎಂಬುದಕ್ಕೆ ಅದು ಉತ್ತರವಲ್ಲ. ರಸ್ತೆಯಲ್ಲಿ ಅವರು ಈಚೆಗೆ ಯಾವಾಗಲೂ ನನ್ನ ಎಡಕ್ಕೇ ನಡೆಯುತ್ತಾರೆ. ವಯಸ್ಸಾದ ಮೇಲೆ ಪ್ರೀತಿ ಬಂದಿದೆ ಎಂದುಕೊಂಡಿದ್ದೆ.

ಆಮೇಲೆ ಎಲ್ಲವನ್ನೂ ಅನುಮಾನದಿಂದ ನೋಡಲು ಶುರುಮಾಡಿದೆ. ನಮ್ಮ ಕಾರ್ಖಾನೆಯಲ್ಲಿ ಪರದೆಗಳನ್ನು ಕತ್ತರಿಸುವ ನನ್ನ ಮೇಜನ್ನು ಕಿಟಕಿಯ ಹತ್ತಿರ ಹಾಕಿಸಿದ್ದಾರೆಂದು ನಿನಗೆ ಹೆಮ್ಮೆಯಿಂದ ಬರೆದಿದ್ದೆನಲ್ಲ. ಬೆಳಕು ಚೆನ್ನಾಗಿದೆಯೆಂದು ಯಜಮಾನಿಯೇ ಹೇಳಿದ್ದರು. ಈಗ ನೋಡಿದರೆ ನನ್ನ ಎಡಕ್ಕೆ ಗೋಡೆ ಇದೆ. ಬಟ್ಟೆಯಾಗಲಿ ಕೈಯಾಗಲಿ ಆ ಕಡೆ ದಾಟಿ ಹೋಗುವ ಹಾಗಿಲ್ಲ. ಇಸ್ತ್ರಿ ಮಾಡುವವಳನ್ನು ಒಂದು ದಿನ ನೇರವಾಗಿ ಕೇಳಿದೆ, “ನಿಜ ಹೇಳೇ, ನನ್ನ ತುಂಡುಗಳು ಸರಿಯಾಗಿ ಬರ್ತಿವೆಯಾ?” ಯಾವಾಗಲೂ ಬಾಯಿ ಬಡಿಯುವವಳು, “ರಾಣಿಯ ಸಿಂಹಾಸನ ಕಿಟಕಿಗೆ ಬಂತು” ಎಂದು ಅಣಕಿಸುತ್ತಿದ್ದವಳು, ತಲೆ ಎತ್ತದೆ ಇಸ್ತ್ರಿ ಓಡಿಸುತ್ತಾ, “ಇಸ್ತ್ರಿ ಹಾಕಿದರೆ ಎಲ್ಲಾ ಸರಿಹೋಗುತ್ತೆ ಬಿಡಕ್ಕಾ” ಎಂದಳು. ಅವಳ ಪಕ್ಕದ ಬುಟ್ಟಿಯಲ್ಲಿ ತೆಳ್ಳಗಿನ ಬಟ್ಟೆಯ ಸೀಳುಗಳಿದ್ದವು. ಒಂದು ತುದಿ ಅಗಲ, ಇನ್ನೊಂದು ತುದಿ ಚೂಪು. ನಾನು ಕತ್ತರಿಸಿ ಕಳಿಸಿದ ಮೇಲೆ ಯಾರೋ ಮತ್ತೆ ಕತ್ತರಿಸಿ ನೇರ ಮಾಡುತ್ತಿದ್ದಾರೆ.

ಹೆದರಿಕೆ ಎಂದರೆ ಎದೆ ಬಡಿದುಕೊಳ್ಳುವುದು ಎಂದು ತಿಳಿದಿದ್ದೆ. ಇದು ಹಾಗಿಲ್ಲ. ಮನೆಯಲ್ಲಿ ಒಂದು ಕೋಣೆಯಿದ್ದು, ಅದರ ಬಾಗಿಲು ಎಲ್ಲಿದೆಯೆಂದು ನನಗೊಬ್ಬಳಿಗೆ ಮಾತ್ರ ಯಾರೂ ಹೇಳಿಲ್ಲ ಎಂಬಂತಿದೆ. ಕತ್ತಲೆಯಾದರೆ ಕತ್ತಲೆ ಎಂದು ಗೊತ್ತಾಗುತ್ತದೆ. ಅಲ್ಲಿ ಕತ್ತಲೆಯೂ ಇಲ್ಲ. ನೋಡುವುದು ಮುಗಿದಿದೆ ಎಂಬ ನೆಮ್ಮದಿ ಇದೆ. ಆ ನೆಮ್ಮದಿಗೇ ಹೆದರುತ್ತೇನೆ.

ಕಣ್ಣಿನ ಡಾಕ್ಟರಲ್ಲಿಗೆ ಹೋಗಿದ್ದೆವು. ಹನಿ ಹಾಕಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. “ಕಣ್ಣುಗಳಲ್ಲಿ ಯಾವ ತೊಂದರೆಯೂ ಇಲ್ಲಮ್ಮ” ಎಂದರು. ಖುಷಿಪಡಬೇಕಾದ ಮಾತು. ನಿನ್ನ ಭಾವ ಮಾತ್ರ ಕುರ್ಚಿಯ ಕೈ ಹಿಡಿದುಕೊಂಡರು. ಕಣ್ಣಿನಲ್ಲಿ ಇಲ್ಲದಿದ್ದರೆ ಅದರ ಹಿಂದೆ ಎಲ್ಲೋ ಇರಬೇಕು. ತಲೆಯ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಮುಂದಿನ ವಾರ ಗುರುವಾರ ಸ್ಕ್ಯಾನ್. ಅಲ್ಲಿಯವರೆಗೆ ಕತ್ತರಿ ಹಿಡಿಯಬೇಡ ಎಂದು ಯಾರೂ ಹೇಳಿಲ್ಲ. ಆದರೂ ನಾನು ಹಿಡಿದಿಲ್ಲ, ಕಾರ್ಖಾನೆಯಲ್ಲಿ ಈಗ ಬಟ್ಟೆ ಮಡಚಿಕೊಡುತ್ತೇನೆ. ಡ್ರಾಯರಿನಲ್ಲಿದೆ. ಆಗಾಗ ತೆಗೆದು ಇದೆಯೇ ಎಂದು ನೋಡಿ ಮುಚ್ಚುತ್ತೇನೆ, ಯಾರೋ ಕದ್ದುಕೊಂಡು ಹೋಗುತ್ತಾರೇನೋ ಎಂಬಂತೆ.

ಈ ಕಾಗದದ ಎಡಗಡೆ ಒಂದು ಕೆಂಪು ಗೆರೆಯಿದೆ, ನೋಡು. ನಿನ್ನ ಭಾವ ಎಳೆದುಕೊಟ್ಟದ್ದು. ಪ್ರತಿ ಸಾಲನ್ನೂ ಆ ಗೆರೆಗೆ ತಾಗಿಸಿ ಶುರುಮಾಡು ಎಂದಿದ್ದಾರೆ. ಕೆಂಪು ಗೆರೆ ಕಾಣುವವರೆಗೂ ತಲೆ ತಿರುಗಿಸುತ್ತೇನೆ, ಆಮೇಲೆ ಬರೆಯುತ್ತೇನೆ. ಒಂದೊಂದು ಸಲ ಅದು ಸಿಗುವುದಿಲ್ಲ. ಆಗ ಎಡಗೈಯ ಹೆಬ್ಬೆರಳನ್ನು ಅಲ್ಲಿಟ್ಟುಕೊಂಡು ಹುಡುಕುತ್ತೇನೆ. ಹೊಲಿಗೆ ಕಲಿಯುವ ಮಕ್ಕಳ ಹಾಗೆ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ರೆಡಿ ತುಂಡುಗಳನ್ನೇ ಇಟ್ಟುಕೊಳ್ಳೋಣ. ನಾನು ಬಿಚ್ಚಿದ ಪ್ಯಾಕೆಟ್ಟನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಒಂದು ಪ್ಯಾಕೆಟ್ ಸಾಲದು, ಅದೇ ಗುರುತಿನದನ್ನು ನೀನೇ ತೆಗೆದುಕೋ. ಬೇರೆಯವರದು ಬೇಡ, ಅಳತೆ ಒಂದಕ್ಕೊಂದು ಹೊಂದುವುದಿಲ್ಲ. ಥಾನಿನಿಂದ ತಂದ ಕಂದು ಬಟ್ಟೆಯನ್ನೂ ಇಟ್ಟಿದ್ದೇನೆ. ಅದನ್ನು ಕೌದಿಯ ಬೆನ್ನಿಗೆ ಹಾಕು. ಬೆನ್ನಿಗೆ ಇಡೀ ಬಟ್ಟೆಯೇ ಬೇಕು, ಕತ್ತರಿಸುವ ಕೆಲಸವಿಲ್ಲ. ಒಂದು ಮೂಲೆಯಲ್ಲಿ ನಾನು ಚೌಕ ತೆಗೆದ ಜಾಗ ಖಾಲಿಯಿದೆ. ಆ ಮೂಲೆಯನ್ನು ಮಾವನ ಕಾಲಿನ ಕಡೆಗೆ ಬರುವ ಹಾಗೆ ಮಾಡಿ, ಒಳಕ್ಕೆ ಮಡಚಿ ಹೊಲಿದುಬಿಡು. ಹೊಲಿಗೆಯ ದಾರ ಬಿಗಿಯಾಗಿ ಎಳೆಯಬೇಡ, ಒಗೆದಾಗ ಸುಕ್ಕು ಬೀಳುತ್ತದೆ. ಮಾವನಿಗೆ ಚಳಿ ಶುರುವಾಗಿದೆ, ತಡಮಾಡಬೇಡ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ಎಲ್ಲರೂ ಬೆಚ್ಚಗಿರಿ. ನಿನ್ನ ಕಣ್ಣು, ನಿನ್ನ ಕೈ, ಎರಡೂ ನೂರು ಕಾಲ ಚೆನ್ನಾಗಿರಲಿ. ದೊಡ್ಡವಳಾಗಿ ಇಷ್ಟು ಹಾರೈಸುವ ಹಕ್ಕು ಇನ್ನೂ ನನಗಿದೆ.

ನಿನ್ನ
ಅಕ್ಕ

ಮರೆತದ್ದು: ಇಷ್ಟು ಬರೆದು ಮಡಚಿಟ್ಟವಳು ಮತ್ತೆ ಮಾವನ ಮನೆಗೆ ಹೋಗಿ ಬಂದೆ. ಮಂಚದ ಅಳತೆ ತಪ್ಪಾಗಿರಬಹುದು ಎಂದು ನೆಪ ಹೇಳಿದೆ. ಅವರ ಕಾಲ ಮೇಲಿನ ಕೌದಿಯನ್ನು ತೆಗೆದುಕೊಂಡು ತಲೆಕೆಳಗು ಮಾಡಿ ಹಾಸಿದೆ. ನೀಲಿ ಪಟ್ಟಿಗಳು ಬಲಗಡೆಗೆ ಬಂದವು. ಅವು ಅಲಂಕಾರದ ಪಟ್ಟಿಗಳಲ್ಲ. ಪ್ರತಿಯೊಂದೂ ಒಂದು ತುದಿಯಲ್ಲಿ ಎಳೆಯಷ್ಟು ಸಣ್ಣಗಿದ್ದು ಇನ್ನೊಂದು ತುದಿಗೆ ಹೋಗುತ್ತಾ ಅಗಲವಾಗುತ್ತದೆ. ನನ್ನ ತುಂಡುಗಳು ಎಷ್ಟು ಕಡಿಮೆಯೋ ಅಷ್ಟಕ್ಕೇ ಸರಿಯಾಗಿ. ಕಾಗದ ಹರಿಯಲೂ ಬಾರದ ನೀನು ಅವನ್ನು ಕತ್ತರಿಸಲು ಎಷ್ಟು ಕಷ್ಟಪಟ್ಟಿರಬೇಕು. ಆ ಕೌದಿ ಹೊಲಿದದ್ದು ಈ ಚಳಿಗೂ ಅಲ್ಲ, ಹೋದ ವರ್ಷದ ಚಳಿಗೂ ಅಲ್ಲ, ಅದರ ಹಿಂದಿನದಕ್ಕೆ. ಅಲ್ಲಿಂದ ಇಲ್ಲಿಯವರೆಗೆ ನಾನು ಬರೆದ ಕಾಗದಗಳೆಲ್ಲ ನಿನ್ನ ಹತ್ತಿರ ಇರಬೇಕು. ಅವುಗಳ ಎಡ ಅಂಚು ಹೇಗಿದೆ ಎಂದು ನಾನು ಕೇಳುವುದಿಲ್ಲ. ಬೆನ್ನಿಗೆ ವಿಶ್ರಾಂತಿ ಎಂದು ಬರೆದಿದ್ದೆಯಲ್ಲ, ಬೆನ್ನಿಗೆ ಏನಾಗಿದೆ ನನಗೆ? ನೀನು ಹೇಳಲಿಲ್ಲ. ನಿನ್ನ ಭಾವನೂ ಹೇಳಲಿಲ್ಲ. ನನಗೆ ನೋವಾಗಬಾರದೆಂದು ಎಲ್ಲರೂ ಸೇರಿ ಸದ್ದಿಲ್ಲದೆ ಪಟ್ಟಿ ಹಚ್ಚುತ್ತಾ ಬಂದಿರಿ. ಗುರುವಾರಕ್ಕಿಂತ ಮುಂಚೆ ಬಾ. ಬಂದು ನನ್ನ ಪಕ್ಕ ಕೂತುಕೊಂಡು ಹೇಳು, ನನ್ನ ಎಡಗಡೆ ಇನ್ನೂ ಏನೇನಿದೆ.