ಬೀಗರ ಪೇಪರು ಮೊದಲು

ಜುಲೈ 8, ಮಂಗಳವಾರ

ಮತ್ತೆ ಅದೇ ಚಾರ್ಟು. ಬಿಸಿಎಗೆ ಹೊಸ ಸಿಲಬಸ್ ಬಂದಾಗಿನಿಂದ ಬೇರೆ ಕೆಲಸವೇ ಇಲ್ಲ — ಯಾವ ಪೇಪರ್ ಪಾಸಾದವರಿಗೆ ಮುಂದೆ ಯಾವುದು ಎಂದು ಹೊಸದಾಗಿ ಗೊತ್ತುಮಾಡಬೇಕು. ಸಂಸ್ಥೆಯ ಮೂರು ಕಾಲೇಜು, ಒಂದೊಂದು ಪೇಪರಿನ ಹೊಣೆ ಹೊತ್ತ ಮೂರು ಜನ. ಮೂಡಲಗಿಯ ಗುರುಪಾದ ಸರ್ ಮ್ಯಾಥ್ಸ್, ಗೋಕಾಕದ ಕೇದಾರಿ ಸರ್ ಡೇಟಾ ಸ್ಟ್ರಕ್ಚರ್ಸ್, ಹುಕ್ಕೇರಿಯಲ್ಲಿ ನಾನು ಅಲ್ಗಾರಿದಮ್ಸ್. ನನ್ನದು ಖಡಕ್: ಮ್ಯಾಥ್ಸ್ ಪಾಸಾಗದವರಿಗೆ ನನ್ನ ಕ್ಲಾಸಿನ ಬಾಗಿಲು ಬಂದ್.

ಮಧ್ಯಾಹ್ನ ದಡ್ಡಿ ಊರಿನ ದೀಪಾ ಬಂದಳು. ತಾಯಿಗೆ ಹುಷಾರಿಲ್ಲದೆ ಒಂದು ವರ್ಷ ಬಿಟ್ಟವಳು, ಈಗ ಸೆಕೆಂಡ್ ಇಯರಿಗೆ ಮರಳಿದ್ದಾಳೆ. ಅವಳು ಫಸ್ಟ್ ಇಯರ್ ಓದಿದಾಗ ಆ ಮ್ಯಾಥ್ಸ್ ಪೇಪರೇ ಇರಲಿಲ್ಲ.

"ಇಲ್ಲದ ಪೇಪರ್ ಹೆಂಗ ಪಾಸಾಗ್ಲಿರಿ ಮೇಡಂ? ಇನ್ನೊಂದ ವರ್ಷ ಮನ್ಯಾಗ ಕುಂತ್ರ ಅಪ್ಪ ಮತ್ತ ಕಾಲೇಜಿಗೆ ಕಳಸಂಗಿಲ್ರಿ."

"ರೂಲ್ ಅಂದ್ರ ರೂಲ್," ಅಂದೆ. ಹೋಗಲಿಲ್ಲ. ಅರ್ಜಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಸಿಟ್ಟು ಬಂತು.

ಜುಲೈ 10

ಯಾವ ಪೇಪರಿಗೆ ಮೊದಲು ಯಾವುದು ಬೇಕೆಂಬ ಪಟ್ಟಿ ಮೂರೂ ಕಾಲೇಜಿನಿಂದ ಬಂತು. ದೀಪಾ ಇವತ್ತೂ ಬಾಗಿಲಲ್ಲಿ! ಪಟ್ಟಿ ಅವಳ ಕೈಗೆ ಕೊಟ್ಟು, ಸುಮ್ಮನೆ ನಿಲ್ಲುವ ಬದಲು ಪೇಪರಿಗೊಂದು ಚೀಟಿ ಬರೆದು ಟೇಬಲ್ ಮೇಲೆ ಜೋಡಿಸು ಎಂದು ಹೇಳಿ ಕ್ಲಾಸಿಗೆ ಹೋದೆ.

ಬಂದು ನೋಡಿದರೆ ಚೀಟಿಗಳು ಸಾಲಾಗಿ ಕುಳಿತಿವೆ. ಮೂರು ಮಾತ್ರ ಬೇರೆ.

"ಈ ಮೂರು ಸಾಲಿಗೆ ಬರವಲ್ವುರಿ ಮೇಡಂ."

ಹೇಗೆ ಜೋಡಿಸಿದೆ ಎಂದೆ.

"ಯಾವುದಕ್ಕ ಮೊದಲ ಏನೂ ಬೇಕಿಲ್ಲೋ ಅದನ್ನ ತಗದ್ನಿರಿ. ಅದು ಹೋದಮ್ಯಾಲ ಯಾವುದು ಖುಲ್ಲಾ ಆತೋ, ಅದನ್ನ. ಹಿಂಗ ಮಾಡಕೋಂತ ಬಂದ್ನಿ. ಮ್ಯಾಥ್ಸಿಗೆ ಮೊದಲ ಡೇಟಾ ಸ್ಟ್ರಕ್ಚರ್ಸ್ ಬೇಕಂತ, ಅದಕ್ಕ ಮೊದಲ ಮ್ಯಾಥ್ಸ್ ಬೇಕಂತ. ನಿಮ್ದು ಅವೆರಡರ ಹಿಂದ ನಿಂತೈತಿ. ಮೂರೂ ಊರಾಗ ಯಾರೂ ಮುಂದ ಹೋಗಾಕ ಆಗೂದಿಲ್ರಿ."

ಕುರ್ಚಿ ಎಳೆದು ಕುಳಿತೆ. ಇದೇ ವಿಧಾನವನ್ನು ಸೆಮಿಸ್ಟರಿನ ಕೊನೆಗೆ ಬೋರ್ಡು ತುಂಬ ಬರೆದು ಕಲಿಸುತ್ತೇನೆ. ಕಲಿತು ಬರೆದವರನ್ನು ಎಷ್ಟೋ ನೋಡಿದ್ದೇನೆ. ಅದು ಒಬ್ಬರ ತಲೆಯಲ್ಲಿ ಹುಟ್ಟುವುದನ್ನು ಇವತ್ತೇ ನೋಡಿದ್ದು... ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ಯಾರೂ ಇಲ್ರಿ. ತಪ್ಪಾತೇನ್ರಿ?"

ತಪ್ಪಾಗಿಲ್ಲ ಎಂದು ಹೇಳಿ ಚೀಟಿಗಳನ್ನು ಕವರಿಗೆ ಹಾಕಿಟ್ಟುಕೊಂಡೆ.

ಜುಲೈ 11

ಇಬ್ಬರು ಸರ್‌ಗಳಿಗೂ ಫೋನ್ ಮಾಡಿದೆ. ಗುಟ್ಟು ಗೊತ್ತಾಯಿತು. ಕೇದಾರಿ ಸರ್ ಮಗಳನ್ನು ಗುರುಪಾದ ಸರ್ ಮನೆಗೆ ಕೊಟ್ಟು ಎರಡು ತಿಂಗಳಾಗಿದೆ. ಹೊಸ ಬೀಗರು!

ಕೇದಾರಿ ಸರ್: "ಬೀಗರ ಪೇಪರಿನ ಮುಂದ ನಂದ ಹೆಂಗ ಇಡ್ಲಿರಿ ಮೇಡಂ? ಚಂದ ಕಾಣಂಗಿಲ್ಲ."

ಗುರುಪಾದ ಸರ್: "ಹೆಣ್ಣ ಕೊಟ್ಟ ಮಂದಿ. ಅವ್ರದ ಮೊದಲ ಇರ್ಲಿ ಅಂದ್ನಿರಿ."

ಪಂಕ್ತಿಯಲ್ಲಿ ನೀವು ಮೊದಲು ಕುಂದರ್ರಿ, ನೀವು ಮೊದಲು ಕುಂದರ್ರಿ ಎನ್ನುವುದನ್ನು ಸಿಲಬಸ್ಸಿಗೂ ತಂದಿದ್ದಾರೆ. "ಅಲ್ಲೀತನಕ ಹುಡುಗ್ರು ಉಪಾಸ ಇರಬೇಕೇನ್ರಿ?" ಎಂದೆ. ನಕ್ಕರು. ಇಬ್ಬರೂ ಪಟ್ಟು ಬಿಡಲಿಲ್ಲ.

ಜುಲೈ 14, ಗೋಕಾಕ

ಮೀಟಿಂಗು. ಮೊದಲ ಅರ್ಧ ಗಂಟೆ "ನಿಮ್ದ ಮೊದಲ ಇರ್ಲಿ ಬೀಗರ", "ಛೇ ಛೇ, ನಿಮ್ದ". ತಡೆಯಲಾರದೆ ಚೀಟಿಗಳನ್ನು ಟೇಬಲ್ ಮೇಲೆ ಸುರಿದೆ. ದೀಪಾಳ ಕಥೆ ಹೇಳುತ್ತ, ಅವಳು ಮಾಡಿದಂತೆಯೇ ಒಂದೊಂದಾಗಿ ತೆಗೆದು ತೋರಿಸಿದೆ. ಗುರುಪಾದ ಸರ್ ಚೀಟಿ ಇಸಿದುಕೊಂಡು ತಾವೇ ಇನ್ನೊಮ್ಮೆ ಮಾಡಿ ನೋಡಿದರು. ಕನ್ನಡಕ ತೆಗೆದರು.

"ನನ್ನ ಪೇಪರ್ ಪಾಸಾಗಿಲ್ಲಂತ ಈಕಿನ್ನ ಒಳಗ ಬಿಡವಲ್ರಿ ನೀವು?"

ನಾನು ಚಾರ್ಟು ಎಳೆದುಕೊಂಡು ಪೆನ್ನು ತೆಗೆದೆ.

ಮ್ಯಾಥ್ಸ್ ಮೊದಲು ಎಂದಾಯಿತು. ಬೀಗರಿಗೆ ಕೇದಾರಿ ಸರ್ ಕೈಮುಗಿದರು. ನನ್ನ ಪೇಪರಿನ ಸಾಲಿಗೆ ನಾನೇ ಸೇರಿಸಿದೆ: "ಅಥವಾ ಅಧ್ಯಾಪಕರ ಒಪ್ಪಿಗೆ." ಖಡಕ್ ರೂಲಿಗೆ ಇದೇ ಕೈಯ ತಿದ್ದುಪಡಿ. ಬಸ್ಸಿನಲ್ಲಿ ಕುಳಿತು ಒಬ್ಬಳೇ ನಕ್ಕೆ.

ಜುಲೈ 28, ಸೋಮವಾರ

ಮೊದಲ ಕ್ಲಾಸು. ದೀಪಾ ಎರಡನೇ ಬೆಂಚು. ಚೀಟಿಯ ಕಥೆಯಿಂದಲೇ ಶುರುಮಾಡಿದೆ. ಮುಗಿಸುವ ಹೊತ್ತಿಗೆ ಕೈ ಎತ್ತಿದಳು.

"ಎರಡು ಒಮ್ಮೆಗೇ ಖುಲ್ಲಾ ಆದ್ರ ಯಾವುದ ಬೇಕಾದ್ರೂ ಮೊದಲ ತಗೀಬಹುದಲ್ರಿ. ಹಂಗಾರ ಒಟ್ಟ ಎಷ್ಟ ನಮೂನಿ ಸಾಲ ಆಗ್ತಾವು? ಎಣಸಾಕ ಸಣ್ಣ ದಾರಿ ಐತೇನ್ರಿ?"

ಎಲ್ಲಿಗೆ ಹೋಗಿ ನಿಂತಿದ್ದಾಳೆ ಈ ಹುಡುಗಿ!

"ಎಲ್ಲಾ ಚಾರ್ಟಿಗೂ ನಡಿಯೂ ಸಣ್ಣ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ," ಎಂದೆ.

"ದೊಡ್ಡ ದೊಡ್ಡ ಮಂದಿಗೂ?"

"ಯಾರಿಗೂ."

ಹೆದರುತ್ತಾಳೆ ಅಂದುಕೊಂಡೆ. ಮುಖ ಅರಳಿತು. "ಚಾಕ್ ಕೊಡ್ರಿ ಮೇಡಂ."

ಕೊಟ್ಟೆ. ಊಟದ ಬೆಲ್ ಆಯಿತು, ಒಬ್ಬರೂ ಏಳಲಿಲ್ಲ. ನಾನು ಅವಳ ಬೆಂಚಿನಲ್ಲಿ ಹೋಗಿ ಕುಳಿತೆ. ಅವಳು ಬೋರ್ಡಿನ ಮೂಲೆಯಲ್ಲಿ ಸಣ್ಣದೊಂದು ಚುಕ್ಕೆ ಇಟ್ಟು, ತಿರುಗಿ ನನ್ನನ್ನು ನೋಡಿ, "ಇದು ಮೊದಲನೇ ಚೀಟಿ ಅನಕೋರಿ ಮೇಡಂ," ಎಂದಳು.